ಶಾಕುಹಾಚಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಕುಹಾಚಿ ಜಪಾನಿನ ಬಿದಿರಿನ ಕೊಳಲು. ಇವತ್ತು ಇದನ್ನು ಕಲಿಯುವವರು ಸಿಡ್ನಿಯಲ್ಲಿದ್ದಾರೆ, ಲಂಡನ್ನಿನಲ್ಲಿದ್ದಾರೆ, ಪ್ರಾಗ್‌ನಲ್ಲಿದ್ದಾರೆ, ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ನಾನು ಬೆಂಗಳೂರಿನಲ್ಲಿ ಕೂತು ಕಲಿಯುತ್ತಿದ್ದೇನೆ. ಊದುವುದನ್ನು ಕೇಳಿದ ನೆಂಟರು, ಪಕ್ಕದ ಮನೆಯವರು, ಕೊಳಲು ನುಡಿಸುವ ಗೆಳೆಯರು ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕಲಿಯಬೇಕು ಅಂತ ಆಸೆ ಇರುವವರಿಗೂ ಉಪಯೋಗಕ್ಕೆ ಬರಲಿ ಅಂತ ಒಂದು ಕಡೆ ಬರೆದಿಟ್ಟಿದ್ದೇನೆ.

ಹೆಸರಿನ ಅರ್ಥ ಏನು? ನೋಡಲು ಹೇಗಿರುತ್ತದೆ?

ಹೆಸರು ಅಂದರೆ ಅಳತೆ, ಅಷ್ಟೇ. ಶಾಕು ಜಪಾನಿನ ಹಳೆಯ ಅಳತೆ, ಸುಮಾರು 30.3 ಸೆಂಟಿಮೀಟರ್. ನಮ್ಮ ಒಂದು ಅಡಿಗೆ ಹತ್ತಿರ. ಅದರ ಹತ್ತನೇ ಒಂದು ಭಾಗ ಸುನ್. ಹಾಚಿ ಅಂದರೆ ಎಂಟು. ಒಂದು ಶಾಕು ಎಂಟು ಸುನ್ ಉದ್ದ, ಅಂದರೆ ಸುಮಾರು 54.5 ಸೆಂಟಿಮೀಟರ್. ಇದು ಸಾಮಾನ್ಯ ಅಳತೆ. ಇದಕ್ಕಿಂತ ಗಿಡ್ಡದೂ ಇದೆ, ತುಂಬಾ ಉದ್ದದ್ದೂ ಇದೆ. ಎಲ್ಲವನ್ನೂ ಶಾಕುಹಾಚಿ ಅಂತಲೇ ಕರೆಯುತ್ತಾರೆ.

ಮದಾಕೆ ಎಂಬ ದಪ್ಪ ಗೋಡೆಯ ಬಿದಿರನ್ನು ಬೇರಿನ ಸಮೇತ ಅಗೆದು ತೆಗೆದು ಮಾಡುತ್ತಾರೆ. ಹಾಗಾಗಿ ಕೆಳತುದಿ ಅಗಲವಾಗಿ, ಸ್ವಲ್ಪ ಬಾಗಿರುತ್ತದೆ. ಕತ್ತರಿಸಿದ ಬೇರುಗಳ ಗುರುತು ಅಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಮುಂದೆ ನಾಲ್ಕು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಒಟ್ಟು ಐದೇ. ಮೇಲ್ತುದಿಯಲ್ಲಿ ಹೊರಮುಖವಾಗಿ ಓರೆಯಾಗಿ ಕೆತ್ತಿದ ಅಂಚು ಇರುತ್ತದೆ. ಅದು ಉತಾಗುಚಿ. ಆ ಅಂಚು ಸವೆಯದಿರಲಿ ಅಂತ ಒಂದು ಚೂರು ಕೋಣನ ಕೊಂಬನ್ನೋ ಬೇರೆ ಗಟ್ಟಿ ವಸ್ತುವನ್ನೋ ಕೂರಿಸಿರುತ್ತಾರೆ.

ನನಗೆ ಕೊಳಲು ಬರುತ್ತದೆ. ಇದು ಸುಲಭವಾಗುತ್ತದಾ?

ಕಿವಿಗೆ ಸುಲಭ, ತುಟಿಗೆ ಅಲ್ಲ. ನಮ್ಮ ಕೊಳಲನ್ನು ಅಡ್ಡ ಹಿಡಿದು ಊದುತ್ತೇವೆ. ಇದನ್ನು ನೇರವಾಗಿ, ತುದಿಯಿಂದ ಊದಬೇಕು. ತೆರೆದ ತುದಿಯನ್ನು ಗದ್ದಕ್ಕೆ ಒತ್ತಿ, ಕೆಳತುಟಿಯಿಂದ ಬಹುಪಾಲು ಮುಚ್ಚಿ, ಉಳಿದ ಸಣ್ಣ ಸಂದಿನಲ್ಲಿ ಗಾಳಿಯನ್ನು ಆಚೆ ಅಂಚಿಗೆ ತಾಗಿಸಬೇಕು. ಚಿಕ್ಕವರಿದ್ದಾಗ ಪೆನ್ನಿನ ಕ್ಯಾಪ್ ಊದಿ ಶಿಳ್ಳೆ ಬರಿಸುತ್ತಿದ್ದೆವು, ಅಲ್ವಾ? ಅದಕ್ಕೆ ಹತ್ತಿರದ ಕೆಲಸ.

ಇನ್ನೊಂದು ವ್ಯತ್ಯಾಸ ಬೆರಳುಗಳದು. ಕರ್ನಾಟಕ ಸಂಗೀತದ ಕೊಳಲಿಗೆ ಎಂಟು ತೂತು, ಗಮಕ ಬೆರಳಲ್ಲಿದೆ. ಇಲ್ಲಿ ಐದೇ ತೂತು. ಎರಡೂ ಕೈಯ ನಡುಬೆರಳುಗಳು ತೂತು ಮುಚ್ಚುವುದೇ ಇಲ್ಲ, ವಾದ್ಯವನ್ನು ಹಿಡಿದುಕೊಂಡಿರುತ್ತವೆ ಅಷ್ಟೇ. ಉಳಿದ ಕೆಲಸವೆಲ್ಲ ಗದ್ದದ್ದು. ಗದ್ದ ತಗ್ಗಿಸಿದರೆ ಸ್ವರ ಇಳಿಯುತ್ತದೆ, ಅದು ಮೆರಿ. ಎತ್ತಿದರೆ ಸ್ವರ ಏರುತ್ತದೆ, ಅದು ಕರಿ. ಮೆರಿಯಲ್ಲಿ ನಾದ ಮಂಕಾಗುತ್ತದೆ, ಪರದೆಯ ಹಿಂದಿನಿಂದ ಬಂದಂತೆ. ಮೊದಮೊದಲು ನಾನು ಅದನ್ನು ತಪ್ಪು ಅಂದುಕೊಂಡು ಜೋರಾಗಿ ಊದಿ ಸರಿಮಾಡಲು ಹೋಗುತ್ತಿದ್ದೆ. ಆ ಮಂಕೇ ಬೇಕಾದದ್ದು ಅಂತ ಆಮೇಲೆ ಗೊತ್ತಾಯಿತು. ತಗ್ಗಿದ ಸ್ವರಕ್ಕೂ ತೆರೆದ ಸ್ವರಕ್ಕೂ ಬಣ್ಣ ಬೇರೆ ಇರಬೇಕು. ಈ ಸಂಗೀತದ ಅಂದ ಅರ್ಧ ಅದರಲ್ಲೇ ಇದೆ.

ಮತ್ತೊಂದು ವಿಷಯ. ಸ್ವರ ಶುರು ಮಾಡಲು ನಾಲಿಗೆ ಬಳಸುವುದಿಲ್ಲ. ಒಂದೇ ಸ್ವರ ಎರಡು ಸಲ ಬರಬೇಕಾದರೆ ಬೆರಳಿನಿಂದ ಒಂದು ತೂತನ್ನು ಚಕ್ಕನೆ ಬಡಿದು ಬಿಡಿಸುತ್ತಾರೆ.

ನಮ್ಮ ಯಾವ ರಾಗಕ್ಕೆ ಹತ್ತಿರ?

ಈ ಪ್ರಶ್ನೆ ಕೇಳಿದರೆ ನನಗೆ ಖುಷಿ. 1.8 ಅಳತೆಯ, ಅಂದರೆ ಒಂದು ಶಾಕು ಎಂಟು ಸುನ್ ಉದ್ದದ ವಾದ್ಯದಲ್ಲಿ ಎಲ್ಲ ತೂತು ಮುಚ್ಚಿದರೆ ಬರುವ ಸ್ವರ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡು. ಅದನ್ನು ಷಡ್ಜ ಅಂತ ಇಟ್ಟುಕೊಂಡು ಒಂದೊಂದೇ ಬೆರಳು ಎತ್ತಿದರೆ ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ ಸಿಗುತ್ತವೆ. ಶುದ್ಧ ಧನ್ಯಾಸಿಯ ಸ್ವರಗಳು! ಗದ್ದ ತಗ್ಗಿಸುತ್ತ ಹೋದರೆ ಇನ್ನೊಂದು ಲೋಕ ತೆರೆಯುತ್ತದೆ. ಕೊತೊ ಮತ್ತು ಶಾಮಿಸೆನ್ ಎಂಬ ಜಪಾನಿನ ತಂತಿವಾದ್ಯಗಳ ಸಂಗೀತದಲ್ಲಿ ಬರುವ ಮಿಯಾಕೊಬುಶಿ ಸ್ವರಗುಚ್ಛದಲ್ಲಿ ಷಡ್ಜ, ಶುದ್ಧ ರಿಷಭ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ ಇರುತ್ತವೆ. ಹಿಂದೂಸ್ತಾನಿ ಕೇಳುವವರಿಗೆ ಗುಣಕ್ರಿ ನೆನಪಾಗುತ್ತದೆ.

ಆದರೆ ಸ್ವರ ಒಂದೇ ಅಂತ ರಾಗ ಒಂದೇ ಆಗುವುದಿಲ್ಲ. ಇಲ್ಲಿ ಮನೋಧರ್ಮದ ಆಲಾಪನೆ ಇಲ್ಲ, ಹಿಂದೆ ಶ್ರುತಿಯೂ ಇಲ್ಲ. ಶ್ರುತಿಪೆಟ್ಟಿಗೆ ಹಾಕಿಕೊಂಡು ಊದಿದರೆ ಅಭ್ಯಾಸಕ್ಕೆ ಚೆನ್ನಾಗಿರುತ್ತದೆ. ರಚನೆ ಊದುವಾಗ ಮಾತ್ರ ಅದನ್ನು ನಿಲ್ಲಿಸಿ. ಎರಡು ಉಸಿರಿನ ನಡುವಿನ ಮೌನವನ್ನು ಶ್ರುತಿ ತುಂಬಿಬಿಡುತ್ತದೆ.

ಮೊದಲ ನಾದ ಬರಲು ಎಷ್ಟು ದಿನ ಬೇಕು?

ಕೆಲವರಿಗೆ ಹತ್ತು ನಿಮಿಷ, ಕೆಲವರಿಗೆ ತಿಂಗಳು. ನನಗೆ ಮೂರು ವಾರ ಬರೀ ಗಾಳಿ. ಮೊದಲು ಎಲ್ಲ ತೂತು ಬಿಟ್ಟು ಊದಿ. ನಾದ ಸಿಕ್ಕಿದ ಮೇಲೆ ಮೇಲಿನಿಂದ ಒಂದೊಂದೇ ತೂತು ಮುಚ್ಚುತ್ತ ಬನ್ನಿ. ಎಲ್ಲ ಮುಚ್ಚಿದಾಗ ಬರುವ ಮಂದ್ರದ ಸ್ವರದ ಹೆಸರು ರೋ. ಅದೇ ಕಡೆಗೆ ಸಿಗುವುದು, ಅದೇ ಜೀವನಪೂರ್ತಿ ಊದುವುದು. ದಿನಾ ಹತ್ತು ನಿಮಿಷ ಬರೀ ರೋ ಊದುವ ಅಭ್ಯಾಸಕ್ಕೆ ರೋಬುಕಿ ಅಂತ ಹೆಸರು. ದೊಡ್ಡ ದೊಡ್ಡ ವಾದಕರೂ ಅದನ್ನು ಬಿಡುವುದಿಲ್ಲ.

ತಲೆ ಸುತ್ತಿದರೆ ಕೂಡಲೇ ನಿಲ್ಲಿಸಿ, ನೀರು ಕುಡಿಯಿರಿ. ಶುರುವಿನಲ್ಲಿ ಎಲ್ಲರಿಗೂ ಸುತ್ತುತ್ತದೆ, ಯಾಕೆಂದರೆ ಮುಕ್ಕಾಲು ಗಾಳಿ ಸುಮ್ನೆ ಹೊರಗೆ ಹೋಗುತ್ತಿರುತ್ತದೆ. ಐದೈದು ನಿಮಿಷದಂತೆ ದಿನಕ್ಕೆ ನಾಲ್ಕು ಸಲ ಊದುವುದು ಒಂದೇ ಸಲ ಒಂದು ಗಂಟೆ ಊದುವುದಕ್ಕಿಂತ ಎಷ್ಟೋ ಮೇಲು. ಜಪಾನಿನಲ್ಲಿ ಒಂದು ಹಳೆಯ ಮಾತಿದೆ: ತಲೆ ಆಡಿಸುವುದಕ್ಕೆ ಮೂರು ವರ್ಷ, ಕೊರೊ ಬರುವುದಕ್ಕೆ ಎಂಟು ವರ್ಷ. ಕೊರೊಕೊರೊ ಅಂದರೆ ಕೆಳಗಿನ ಎರಡು ತೂತುಗಳ ಮೇಲೆ ಬೆರಳುಗಳು ಸರದಿಯಂತೆ ಬಡಿದಾಗ ಉರುಳುತ್ತ ಬರುವ ನಾದ.

ಯಾವ ವಾದ್ಯ ಕೊಳ್ಳಲಿ?

ಅವಸರದಲ್ಲಿ ಬಿದಿರಿನದು ಕೊಳ್ಳಬೇಡಿ. ಈ ತಪ್ಪು ನಾನು ಮಾಡಿದ್ದೇನೆ. ನೋಡಲು ಬಹಳ ಚೆನ್ನಾಗಿದ್ದ, ಬೇರಿನ ಸಮೇತದ ವಾದ್ಯವೊಂದನ್ನು ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿಕೊಂಡೆ. ಮೇಲಿನ ಸ್ಥಾಯಿ ಕೆಳಗಿನದಕ್ಕೆ ಕೂಡುತ್ತಲೇ ಇರಲಿಲ್ಲ. ಆರು ತಿಂಗಳು ತಪ್ಪು ನನ್ನದೇ ಅಂದುಕೊಂಡು ಊದಿದೆ. ಆಮೇಲೆ ಒಂದು ದಿನ ಗುರುಗಳು ಅದನ್ನು ತೆಗೆದುಕೊಂಡು ಎರಡು ಉಸಿರು ಊದಿ, ಏನೂ ಹೇಳದೆ, ತಮ್ಮದನ್ನು ನನ್ನ ಕೈಗೆ ಕೊಟ್ಟರು.

ಶುರುವಿಗೆ ಗಟ್ಟಿ ಪ್ಲಾಸ್ಟಿಕ್ಕಿನದು ಸಾಕು. ಜಪಾನಿನ ‘ಯೂ’ ಎಂಬ ಎಬಿಎಸ್ ಪ್ಲಾಸ್ಟಿಕ್ಕಿನ ಶಾಕುಹಾಚಿಯನ್ನು ಲೋಕದ ಎಷ್ಟೋ ಕಡೆ ಹೊಸಬರು ಬಳಸುತ್ತಾರೆ. ಶ್ರುತಿ ಸರಿಯಿದೆ, ಬಿರುಕು ಬಿಡುವ ಭಯವಿಲ್ಲ. ಮರದ್ದೂ ಸಿಗುತ್ತದೆ. ಕೈಕೆಲಸ ಇಷ್ಟವಿದ್ದವರು ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪಿನಲ್ಲೇ ಮಾಡಿಕೊಳ್ಳುತ್ತಾರೆ. ಒಳಗಿನ ಅಗಲ ಸುಮಾರು 20 ಮಿಲಿಮೀಟರ್ ಇರುವ ಪೈಪು ಸಾಕು.

ಮುಂದೆ ಬಿದಿರಿನದು ಕೊಳ್ಳುವಾಗ ಎರಡು ಬಗೆ ಇವೆ ಅಂತ ತಿಳಿದಿರಿ. ಜಿ-ಆರಿ ಅಂದರೆ ಒಳಗೋಡೆಗೆ ಒಂದು ಬಗೆಯ ಲೇಪ ಬಳಿದು, ಉಜ್ಜಿ, ಅಳತೆಗೆ ತಂದದ್ದು. ನಾದ ಜೋರು, ಬೇರೆ ವಾದ್ಯಗಳ ಜೊತೆ ಕೂಡಿ ಊದಲು ಅನುಕೂಲ. ಜಿನಾಶಿ ಅಂದರೆ ಲೇಪ ಇಲ್ಲದ್ದು, ಬಿದಿರು ಇದ್ದ ಹಾಗೇ. ಒಂದೊಂದರ ಸ್ವಭಾವ ಒಂದೊಂದು. ಅದನ್ನು ಊದುವವರು ವಾದ್ಯದ ಮಾತು ಕೇಳಬೇಕಾಗುತ್ತದೆ. ಒಳಗೆ ಹಚ್ಚುವ ಉರುಷಿ ಎಂಬ ಮೆರುಗು ಒಂದು ಮರದ ಸೊನೆ. ಆ ಮರ ನಮ್ಮ ಗೇರು, ಮಾವಿನ ಕುಟುಂಬಕ್ಕೆ ಸೇರಿದ್ದು. ಗೇರುಬೀಜದ ಸೊನೆ ತಾಗಿ ಕೈ ಸುಟ್ಟುಕೊಂಡ ಕರಾವಳಿಯವರಿಗೆ ಇದು ಬೇಗ ಅರ್ಥವಾದೀತು. ಹಸಿ ಇದ್ದಾಗ ಚರ್ಮಕ್ಕೆ ತುರಿಕೆ, ಗುಳ್ಳೆ. ಪೂರ್ತಿ ಒಣಗಿದ ಮೇಲೆ ಗಟ್ಟಿ ಹೊಳಪು.

ಜಪಾನಿ ಭಾಷೆ ಬರಬೇಕಾ?

ಐದಾರು ಅಕ್ಷರ ಬಂದರೆ ಸಾಕು. ರೋ, ತ್ಸು, ರೆ, ಚಿ, ರಿ. ಇವೇ ಸ್ವರಗಳ ಹೆಸರು. ರೋ ಬರೆಯುವುದು ಒಂದು ಪುಟ್ಟ ಚೌಕದಂತೆ, ರೆ ನಮ್ಮ ಮೇಷ್ಟ್ರು ಹಾಕುವ ಟಿಕ್ ಮಾರ್ಕಿನಂತೆ. ಮೇಲಿನಿಂದ ಕೆಳಗೆ, ಬಲದಿಂದ ಎಡಕ್ಕೆ ಓದಬೇಕು. ಒಂದು ವಾರದಲ್ಲಿ ರೂಢಿಯಾಗುತ್ತದೆ. ಸರಿಗಮ ಬರೆದುಕೊಂಡು ಊದುವ ಆಸೆ ನನಗೂ ಇತ್ತು. ಬಿಟ್ಟುಬಿಡಿ. ಒಂದೇ ಎತ್ತರದ ಸ್ವರಕ್ಕೆ ಇಲ್ಲಿ ಎರಡು ಮೂರು ಹೆಸರಿರುತ್ತದೆ. ಯಾಕೆಂದರೆ ಊದುವ ರೀತಿ ಬೇರೆ, ಬಣ್ಣ ಬೇರೆ. ಸರಿಗಮಕ್ಕೆ ಇಳಿಸಿದ ಕೂಡಲೇ ಆ ಬಣ್ಣ ಹೋಗುತ್ತದೆ.

ವಿಡಿಯೋ ನೋಡಿ ನಾನೇ ಕಲಿಯಬಹುದಾ?

ನಾದ ಬರಿಸಬಹುದು. ರಚನೆ ಕಲಿಯಲು ಆಗುವುದಿಲ್ಲ. ಇದನ್ನು ನಾನು ಖಚಿತವಾಗಿ ಹೇಳುತ್ತೇನೆ.

ಕಾರಣ ಇಷ್ಟು. ಹೊನ್‌ಕ್ಯೊಕು ಎಂಬ ಹಳೆಯ ರಚನೆಗಳಲ್ಲಿ ತಾಳ ಇಲ್ಲ. ಒಂದು ಉಸಿರು ಒಂದು ಸಾಲು. ಆ ಉಸಿರು ಎಷ್ಟು ಉದ್ದ, ಎಲ್ಲಿ ತೆಳುವಾಗಬೇಕು, ಮುಂದಿನ ಉಸಿರಿಗೆ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕು, ಇದು ಯಾವುದೂ ಕಾಗದದ ಮೇಲೆ ಇಲ್ಲ. ಅದು ಗುರುವಿನಿಂದ ಶಿಷ್ಯನ ಮೈಗೆ ಬರುವಂಥದ್ದು. ಸಾಂಪ್ರದಾಯಿಕ ಪಾಠದಲ್ಲಿ ಗುರು ಎದುರಿಗೆ ಕೂತು ಶಿಷ್ಯನ ಜೊತೆಗೇ ಊದುತ್ತಾರೆ. ವಿವರಣೆ ಕಮ್ಮಿ. ಮತ್ತೆ ಊದುತ್ತಾರೆ.

ವರ್ಷಗಟ್ಟಲೆ ಪರದೆಯ ಮೇಲೆ ಕಲಿತು, ಮೊದಲ ಸಲ ಗುರುಗಳ ಎದುರು ಕೂತ ದಿನ ನನಗೆ ಇದು ತಿಳಿಯಿತು. ಅವರು ಊದುವ ಮೊದಲು ಉಸಿರು ಒಳಗೆ ಎಳೆದುಕೊಳ್ಳುವ ಸದ್ದು ಕೇಳಿಸಿತು. ಅಷ್ಟು ನಿಧಾನ, ಅಷ್ಟು ಆಳ. ಪರದೆಯಲ್ಲಿ ಆ ಸದ್ದು ಒಮ್ಮೆಯೂ ಕೇಳಿರಲಿಲ್ಲ. ನನ್ನ ಉಸಿರೂ ತಾನಾಗಿ ಅದರ ಹಿಂದೆ ಹೋಯಿತು. ಆ ರಚನೆಯಲ್ಲಿ ಎರಡು ವರ್ಷದಿಂದ ಅವಸರ ಮಾಡುತ್ತಿದ್ದ ಜಾಗ ಆ ಒಂದು ಉಸಿರಿನಲ್ಲಿ ಸರಿಹೋಯಿತು.

ಹಾಗಂತ ಆನ್‌ಲೈನ್ ಪಾಠ ಬೇಡ ಅಂತಲ್ಲ. ಅದಿಲ್ಲದೆ ನಮ್ಮಂಥವರಿಗೆ ದಾರಿಯೇ ಇಲ್ಲ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಒಂಬತ್ತಾದರೆ ಇಲ್ಲಿ ಸಂಜೆ ಐದೂವರೆ, ಆರಾಮಾಗಿ ಹೊಂದುತ್ತದೆ. ಎರಡು ವಿಷಯ ಗಮನದಲ್ಲಿರಲಿ. ಸದ್ದು ತಲುಪುವುದು ತಡವಾಗುವುದರಿಂದ ಜೊತೆಯಾಗಿ ಊದಲು ಆಗುವುದಿಲ್ಲ. ಗುರು ಒಂದು ಉಸಿರು, ನೀವು ಒಂದು ಉಸಿರು, ಹೀಗೆ ಸರದಿಯಲ್ಲಿ ಮಾಡಿ. ಎರಡನೆಯದು, ವಿಡಿಯೋ ಕರೆಯ ಆ್ಯಪ್‌ಗಳು ಮಾತನ್ನಷ್ಟೇ ಉಳಿಸಿ ಬೇರೆ ಸದ್ದನ್ನು ಅಳಿಸಲು ನೋಡುತ್ತವೆ. ಶಾಕುಹಾಚಿಯ ಗಾಳಿಯ ಸದ್ದು ಅವುಗಳ ಲೆಕ್ಕದಲ್ಲಿ ಗದ್ದಲ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ. ಮಾಡದಿದ್ದರೆ ಉದ್ದದ ರೋ ನಡುವೆಯೇ ಕಡಿದುಹೋಗುತ್ತದೆ. ಸಾಧ್ಯವಾದರೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಯಾರಾದರೂ ಹಿರಿಯರ ಪಕ್ಕ ಕೂತು ಊದಿ.

ಕಿಂಕೋ, ತೋಜಾನ್, ಮೆಯಾನ್ ಅಂದರೇನು? ಯಾವುದಕ್ಕೆ ಸೇರಲಿ?

ಇವು ಪರಂಪರೆಗಳು. 18ನೇ ಶತಮಾನದ ಕುರೊಸಾವಾ ಕಿಂಕೋ ದೇಶದ ಬೇರೆ ಬೇರೆ ದೇವಾಲಯಗಳ ರಚನೆಗಳನ್ನು ಕೂಡಿಸಿ ಒಪ್ಪ ಮಾಡಿದರು. ಅವರ ಹೆಸರಿನಲ್ಲೇ ಕಿಂಕೋ ಪರಂಪರೆ ಬೆಳೆಯಿತು. ನಾಕಾವೊ ತೋಜಾನ್ 1896ರಲ್ಲಿ ಒಸಾಕಾದಲ್ಲಿ ತೋಜಾನ್ ಶಾಲೆ ಶುರು ಮಾಡಿದರು. ಅಲ್ಲಿ ಹೊಸ ರಚನೆಗಳಿಗೆ, ಹಲವರು ಕೂಡಿ ಊದುವುದಕ್ಕೆ ಒತ್ತು. ಮೆಯಾನ್ ಪರಂಪರೆಗೆ ಕ್ಯೋಟೋದ ಮ್ಯೋಆನ್‌ಜಿ ದೇವಾಲಯವೇ ಮನೆ. ಅಲ್ಲಿ ಊದುವುದೇ ಧ್ಯಾನ. ವಾದ್ಯ ಯಾವ ಕಡೆಯದು ಅಂತ ಉತಾಗುಚಿಯ ತುಂಡು ನೋಡಿದರೆ ಗೊತ್ತಾಗುತ್ತದೆ. ಕಿಂಕೋದಲ್ಲಿ ಅದು ಮೂಲೆ ಮೂಲೆಯಾಗಿ, ತೋಜಾನ್‌ನಲ್ಲಿ ಅರ್ಧಚಂದ್ರದಂತೆ.

ಯಾವುದಕ್ಕೆ ಸೇರಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಳ್ಳೆಯ ಗುರು ಸಿಕ್ಕರೆ ಅವರದು ಯಾವುದೋ ಅದೇ ನಿಮ್ಮದು.

ಬೌದ್ಧರಾಗಬೇಕಾ?

ಬೇಡ. ಆದರೆ ಹಿನ್ನೆಲೆ ತಿಳಿದಿರಲಿ. ಎದೋ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದವರೆಗೆ, ಈ ವಾದ್ಯ ಫುಕೆ ಪಂಗಡದ ಕೊಮುಸೊ ಸನ್ಯಾಸಿಗಳದು. ಅವರಲ್ಲಿ ತುಂಬಾ ಜನ ಒಡೆಯರನ್ನು ಕಳೆದುಕೊಂಡ ಸಮುರಾಯ್‌ಗಳು. ತೆಂಗಾಯ್ ಎಂಬ ಬುಟ್ಟಿಯನ್ನು ತಲೆಯ ಮೇಲೆ ಕವುಚಿ, ಮುಖ ಕಾಣದಂತೆ, ಬೀದಿ ಬೀದಿಯಲ್ಲಿ ಊದುತ್ತ ಭಿಕ್ಷೆ ಬೇಡುತ್ತಿದ್ದರು. ಊದುವುದನ್ನು ಸುಯಿಜೆನ್ ಅನ್ನುತ್ತಿದ್ದರು, ಅಂದರೆ ಊದುವ ಧ್ಯಾನ. 1871ರಲ್ಲಿ ಮೇಜಿ ಸರ್ಕಾರ ಆ ಪಂಗಡವನ್ನೇ ರದ್ದು ಮಾಡಿತು. ವಾದ್ಯವೂ ಅವತ್ತೇ ಮುಗಿದುಹೋಗಬಹುದಿತ್ತು. ಯೋಶಿದಾ ಇಚ್ಚೋ, ಅರಾಕಿ ಕೋದೋ ಎಂಬ ಇಬ್ಬರು ಸರ್ಕಾರಕ್ಕೆ ಅರ್ಜಿ ಹಾಕಿ, ಇದನ್ನು ಸಾಮಾನ್ಯ ಜನರೂ ನುಡಿಸುವ ಸಂಗೀತವಾದ್ಯವಾಗಿ ಉಳಿಸಿಕೊಂಡರು. ಕೊತೊ, ಶಾಮಿಸೆನ್ ಜೊತೆಗಿನ ಸಾನ್‌ಕ್ಯೊಕು ಕಛೇರಿಗಳಲ್ಲಿ ಶಾಕುಹಾಚಿಗೆ ಗಟ್ಟಿ ಜಾಗ ಸಿಕ್ಕಿತು.

ಹೊರಗಿನವರು ಕಲಿಯುವುದು ಜಪಾನಿನವರಿಗೆ ಇಷ್ಟವಾಗುತ್ತದಾ?

ಬಾಗಿಲು ತೆರೆದದ್ದೇ ಅವರು. 1967ರಲ್ಲಿ ಜಪಾನಿನ ಸಂಗೀತ ರಚನಕಾರ ತಾಕೆಮಿತ್ಸು ಅವರ ‘ನವೆಂಬರ್ ಸ್ಟೆಪ್ಸ್’ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಮೊದಲು ನುಡಿದಾಗ ಶಾಕುಹಾಚಿ ಊದಿದವರು ಯೊಕೊಯಾಮಾ ಕಾತ್ಸುಯಾ. ಅದೇ ಹೊತ್ತಿಗೆ, 1967-68ರಲ್ಲಿ, ಕಿಂಕೋ ಪರಂಪರೆಯ ಯಾಮಾಗುಚಿ ಗೋರೋ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಮುಂದೆ ಕರ್ನಾಟಕ ಸಂಗೀತದ ಕೊಳಲು ವಿದ್ವಾಂಸ ಟಿ. ವಿಶ್ವನಾಥನ್ ವರ್ಷಗಟ್ಟಲೆ ಕಲಿಸಿದ್ದೂ ಅಲ್ಲಿಯೇ. ಯಾಮಾಗುಚಿ ಊದಿದ ‘ತ್ಸುರು ನೊ ಸುಗೊಮೊರಿ’, ಅಂದರೆ ಕೊಕ್ಕರೆಗಳ ಗೂಡು, 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ಧ್ವನಿಮುದ್ರಿಕೆ ತಟ್ಟೆಯಲ್ಲಿ ಆಕಾಶಕ್ಕೆ ಹೋಯಿತು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಎರಡೂ ಈಗಲೂ ಒಟ್ಟಿಗೇ ಹೋಗುತ್ತಿವೆ.

ಯೊಕೊಯಾಮಾ 1988ರಲ್ಲಿ ಒಕಾಯಾಮಾ ಪ್ರಾಂತ್ಯದ ಬಿಸೆಯ್ ಎಂಬ ಊರಿನಲ್ಲಿ ಹೊರದೇಶದವರಿಗೂ ಜಾಗವಿರುವ ತರಬೇತಿ ಕೇಂದ್ರ ಕಟ್ಟಿದರು. 1994ರಲ್ಲಿ ಅಲ್ಲೇ ಅಂತರರಾಷ್ಟ್ರೀಯ ಉತ್ಸವ ನಡೆಯಿತು. ಆಮೇಲೆ 1998ರಲ್ಲಿ ಅಮೆರಿಕದ ಬೌಲ್ಡರ್, 2008ರಲ್ಲಿ ಸಿಡ್ನಿ, 2012ರಲ್ಲಿ ಕ್ಯೋಟೋ, 2018ರಲ್ಲಿ ಲಂಡನ್ ಹೀಗೆ ವಿಶ್ವ ಶಾಕುಹಾಚಿ ಉತ್ಸವ ಊರೂರು ಸುತ್ತಿದೆ. ಅಮೆರಿಕದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ರೈಲಿ ಲೀ 1980ರಲ್ಲಿ ದಾಯ್ ಶಿಹಾನ್, ಅಂದರೆ ಮಹಾಗುರು ಎಂಬ ಪದವಿ ಪಡೆದರು. ಜಪಾನಿನವರಲ್ಲದವರಲ್ಲಿ ಅದು ಸಿಕ್ಕಿದ್ದು ಅವರಿಗೇ ಮೊದಲು.

ಪದವಿ, ಹೊಸ ಹೆಸರು ಇವೆಲ್ಲ ಬೇಕೇ ಬೇಕಾ?

ಪರಂಪರೆಯೊಳಗೆ ಒಂದು ಹಂತ ಮುಟ್ಟಿದವರಿಗೆ ಗುರು ಹೊಸ ಹೆಸರು ಕೊಡುತ್ತಾರೆ. ಅಂಥವರು ನಾತೋರಿ. ಕಲಿಸುವ ಅರ್ಹತೆ ಬಂದವರು ಶಿಹಾನ್. ಇದಕ್ಕೆಲ್ಲ ಖರ್ಚಿದೆ. ಕಲಿಸುವ ಉದ್ದೇಶವಿಲ್ಲದಿದ್ದರೆ ಬೇಕಿಲ್ಲ ಅಂತ ನನ್ನ ಅನಿಸಿಕೆ. ಹೊರದೇಶದ ತುಂಬಾ ಗುರುಗಳು ಇದನ್ನು ಒತ್ತಾಯಿಸುವುದೂ ಇಲ್ಲ. ಗುರುಗಳೇ ಕರೆದು ಕೊಟ್ಟರೆ ಮಾತ್ರ ಗೌರವದಿಂದ ತೆಗೆದುಕೊಳ್ಳಿ.

ನನಗೆ ಅರವತ್ತು ವರ್ಷ. ಕಲಿಯಬಹುದಾ?

ಧಾರಾಳವಾಗಿ. ನಿವೃತ್ತಿಯಾದ ಮೇಲೆ ಶುರು ಮಾಡಿದವರು ಶಿಬಿರಗಳಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಹೆಂಗಸರೂ ಈಗ ಜಾಸ್ತಿ ಕಲಿಯುತ್ತಿದ್ದಾರೆ. ಕೈ ಚಿಕ್ಕದಾದರೆ 1.6 ಅಳತೆಯ ಗಿಡ್ಡ ವಾದ್ಯ ತೆಗೆದುಕೊಳ್ಳಿ. 2.4 ಅಳತೆಯ ಉದ್ದದ್ದಕ್ಕೆ ಬೆರಳು ತುಂಬಾ ಚಾಚಬೇಕಾಗುತ್ತದೆ. ಉಬ್ಬಸ ಇರುವವರು ಡಾಕ್ಟರನ್ನು ಕೇಳಿ ಶುರು ಮಾಡಿ.

ನಮ್ಮ ಹವೆಗೆ ಬಿದಿರು ತಡೆಯುತ್ತದಾ?

ನೋಡಿಕೊಂಡರೆ ತಡೆಯುತ್ತದೆ. ಬಿದಿರು ಬಿರುಕು ಬಿಡುವುದು ತೇವ ಒಮ್ಮೆಲೇ ಬದಲಾದಾಗ. ಬೆಂಗಳೂರಿನ ಫೆಬ್ರವರಿ, ಮಾರ್ಚ್ ತಿಂಗಳ ಒಣ ಗಾಳಿ, ಕಲಬುರಗಿ, ರಾಯಚೂರು ಕಡೆಯ ಬೇಸಿಗೆ, ಎಸಿ ರೂಮು, ವಿಮಾನ ಇವೆಲ್ಲ ಅದಕ್ಕೆ ಕಷ್ಟ. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮಡಚಿಡಿ. ಮಂಗಳೂರು, ಉಡುಪಿ ಕಡೆಯವರಿಗೆ ಮಳೆಗಾಲದಲ್ಲಿ ತೊಂದರೆ ತಿರುಗಾಮುರುಗಾ, ಬೂಸ್ಟು. ಚೀಲದಿಂದ ತೆಗೆದು ಗಾಳಿಗಿಡಿ. ಬಿಸಿಲಿಗೆ ಮಾತ್ರ ಇಡಬೇಡಿ. ಕಾರಿನಲ್ಲಂತೂ ಬಿಟ್ಟು ಹೋಗಲೇಬೇಡಿ.

ಬಿರುಕು ಕಂಡರೆ ಅವತ್ತೇ ಊದುವುದು ನಿಲ್ಲಿಸಿ. ಸುತ್ತಲೂ ದಾರ ಬಿಗಿದು ಕಟ್ಟಿಸಿದರೆ ಮತ್ತೆ ವರ್ಷಗಟ್ಟಲೆ ಬಾಳುತ್ತದೆ. ನನ್ನದಕ್ಕೆ ಮೂರು ಕಡೆ ಕಟ್ಟಿದೆ.

ಮೊದಲ ಸಲ ಶಿಬಿರಕ್ಕೆ ಹೋಗುತ್ತಿದ್ದೇನೆ. ಏನು ತಿಳಿದಿರಬೇಕು?

ಪೆನ್ಸಿಲ್ ತೆಗೆದುಕೊಂಡು ಹೋಗಿ, ಪೆನ್ನು ಬೇಡ. ಹಿರಿಯರು ಹೇಳಿದ್ದನ್ನು ಸ್ವರದ ಪಕ್ಕ ಬರೆದುಕೊಳ್ಳುತ್ತೀರಿ, ನಾಳೆ ಇನ್ನೊಬ್ಬರು ಬೇರೆ ಹೇಳುತ್ತಾರೆ. ಆಗ ವಾದ ಮಾಡಬೇಡಿ. ಇಬ್ಬರ ಗುರುಗಳು ಬೇರೆ, ಅಷ್ಟೇ. ಮಂಡಿಯೂರಿ ಕೂರಲು ಆಗದಿದ್ದರೆ ಮೊದಲೇ ಹೇಳಿ, ಕುರ್ಚಿ ಕೊಡುತ್ತಾರೆ. ಪಾಠ ಶುರುವಾಗುವಾಗ ತಲೆಬಾಗಿ ‘ಒನೆಗಾಯಿಶಿಮಾಸ್’ (ದಯವಿಟ್ಟು ಕಲಿಸಿ), ಮುಗಿದಾಗ ‘ಅರಿಗಾತೋ ಗೊಜಾಯಿಮಾಶಿತಾ’ (ಧನ್ಯವಾದ) ಅನ್ನಿ. ಹೋಗುವಾಗ ಊರಿನ ಸಿಹಿ ಏನಾದರೂ ಒಯ್ಯಿರಿ. ನಾನು ಒಯ್ದ ಮೈಸೂರು ಪಾಕ್ ಹಸಿರು ಚಹಾದ ಜೊತೆ ಚೆನ್ನಾಗಿ ಹೊಂದಿತು.

ಹಳೆಯ ವಾದ್ಯ ಒಯ್ಯುವವರು ಉತಾಗುಚಿಯ ತುಂಡು ಯಾವುದರದ್ದು ಅಂತ ಮೊದಲೇ ಪರೀಕ್ಷೆ ಮಾಡಿಸಿ. ಕೆಲವು ಹಳೆಯವುಗಳಲ್ಲಿ ಆನೆದಂತ ಇರುತ್ತದೆ. ಅದನ್ನು ಗಡಿ ದಾಟಿಸುವುದಕ್ಕೆ ಕಾನೂನಿನ ತಡೆಯಿದೆ, ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳಬಹುದು.

ಹೆಚ್ಚಿನ ಶಿಬಿರಗಳಲ್ಲಿ ಬೆಳಗ್ಗೆ ತಿಂಡಿಗೆ ಮೊದಲೇ ಎಲ್ಲರೂ ಸೇರಿ ರೋ ಊದುತ್ತಾರೆ. ಅದನ್ನು ತಪ್ಪಿಸಿಕೊಳ್ಳಬೇಡಿ. ಕಿಂಕೋದವರು, ತೋಜಾನ್‌ನವರು, ಪ್ಲಾಸ್ಟಿಕ್ ಹಿಡಿದವರು, ನಿನ್ನೆಯಷ್ಟೇ ನಾದ ಬಂದವರು ಎಲ್ಲರಿಗೂ ಅಲ್ಲಿ ಜಾಗವಿದೆ. ನಿಮಗೆ ಬರೀ ಗಾಳಿ ಬಂದರೂ ಊದುತ್ತಿರಿ. ಪಕ್ಕದವರ ಉಸಿರು ಎಲ್ಲಿ ಶುರುವಾಗುತ್ತದೆ ಅಂತ ಕಿವಿ ಅಲ್ಲಿಡಿ.